ಕನ್ನಡದಲ್ಲಿ ಕೇಳಿದ ಫುಟ್‌ಬಾಲ್

ಅಮೆರಿಕದ ಡೆಟ್ರಾಯಿಟ್ ಪಕ್ಕದಲ್ಲಿ ನಾನು ಟಿವಿ ಕೇಬಲ್ ಎಳೆಯುತ್ತಿದ್ದಾಗ ನಮ್ಮ ಕನ್ನಡದವರೇ ಆದ ಒಬ್ಬ ಅಂಕಲ್ ನನ್ನ ಗಿರಾಕಿ. ಕಾರು ಕಂಪನಿಯಲ್ಲಿ ಎಂಜಿನಿಯರಾಗಿದ್ದವರು. ರಿಸೆಷನ್‌ನಲ್ಲಿ ಕೆಲಸ ಹೋಗಿತ್ತು. ಗಿರಾಕಿಗಳ ಮನೆಯಲ್ಲಿ ನೀರೂ ಕುಡಿಯದ, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಶನಿವಾರಗಳಂದು ಸೋಫಾದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ತಟ್ಟೆಯಲ್ಲಿ ಕೋಡುಬಳೆ ಚೂರುಗಳನ್ನು ಆಟಗಾರರಂತೆ ಜೋಡಿಸಿ, ಮಗಳ ಕಾಲೇಜಿನ ಟೀಮ್ ಆಡುವ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಕಲಿಸಿದರು. ನಾನು ತಪ್ಪಿದಾಗಲೆಲ್ಲ, "ಸರಿಯಾಗಿ ನೋಡಯ್ಯ" ಎನ್ನುವರು.

ಆ ಕಾಲೇಜು ಆಡುತ್ತಿದ್ದ ಲೀಗು, ಅಲ್ಲಿಯವರ ಮಾತಲ್ಲಿ ಕಾನ್ಫರೆನ್ಸ್, ಟಿವಿ ಹಣದಾಸೆಗೆ ಹೊಸ ಟೀಮ್ ಸೇರಿಸಿಕೊಂಡಿತು. ಆಟ ತೋರಿಸುತ್ತಿದ್ದ ಲೀಗಿನ ಸ್ವಂತ ಚಾನೆಲ್ ದುಬಾರಿ ಪ್ಯಾಕೇಜಿಗೆ ಹೋಯಿತು. ಅಂಕಲ್ ಚಾನೆಲ್ ಬೇಡವೆಂದರು. ತೆಗೆಯಲು ಹೋದವನು ನಾನೇ.

"ಹಂಗೇ ಬಿಟ್ಬಿಡ್ತೀನಿ ಅಂಕಲ್. ಯಾರಿಗೂ ಗೊತ್ತಾಗಲ್ಲ."

"ಬೇಡ. ಕೆಲಸ ಕಳ್ಕೊಂಡೋನು ನಾನೊಬ್ಬನೇ ಸಾಕು ಕಣಯ್ಯ. ಶನಿವಾರ ಬಾ, ರೇಡಿಯೋ ಇದೆ."

ಹೋದೆ. ರೇಡಿಯೋದವನ ಇಂಗ್ಲಿಷಿನ ವೇಗ ನನಗೆ ಸಿಗಲಿಲ್ಲ. ನನ್ನ ಮುಖ ನೋಡಿ ಅಂಕಲ್ ಎದ್ದು ನಿಂತರು. "ಅಗೋ, ಎಡಗಡೆಯಿಂದ ನುಗ್ಗಿದ! ಹಿಡಿದ್ರು... ಇಲ್ಲ, ತಪ್ಪಿಸ್ಕೊಂಡ ಕಳ್ಳ!" ಗಂಟಲು ಕಟ್ಟುವವರೆಗೂ ಇಡೀ ಆಟವನ್ನು ಕನ್ನಡದಲ್ಲೇ ಹೇಳಿದರು.

ಈಗ ಷಿಕಾಗೋದ ನನ್ನ ಮನೆಯಲ್ಲಿ ಎಲ್ಲ ಚಾನೆಲ್‌ಗಳೂ ಇವೆ, ಟಿವಿಯೂ ದೊಡ್ಡದು. ಆದರೆ ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಆಟ ನೋಡಿಲ್ಲ.