ಪಿಸ್ತೂಲಿಗೆ ಇಟ್ಟ ಕುಂಕುಮ

ಗುಬ್ಬಿ ಹತ್ತಿರದ ಬಯಲಿನಲ್ಲಿ ಓಡುತ್ತಾ ಗುಂಡು ಹೊಡೆಯುವ ಸ್ಪರ್ಧೆ. ನಡೆಸುವವಳೂ ನಾನೇ, ಸ್ಪರ್ಧಿಯೂ ನಾನೇ. "ಗುರಿಯ ಬಳಿ ಜನ ಇದ್ದಾಗ ಆಯುಧ ಮುಟ್ಟಿದವರು ಸ್ಪರ್ಧೆಯಿಂದ ಹೊರಗೆ" ಎಂದು ಬೆಳಿಗ್ಗೆ ಮೈಕಿನಲ್ಲಿ ಠೀವಿಯಿಂದ ಓದಿದ್ದೆ. ಆಮೇಲೆ ಕೆಲವರು ಗುರಿಹಲಗೆ ನಿಲ್ಲಿಸುತ್ತಿದ್ದಾಗ, ಆಯುಧಪೂಜೆಯ ಅಭ್ಯಾಸದಲ್ಲಿ, ಮೇಜಿನ ಮೇಲಿದ್ದ ಯಾರದೋ ಪಿಸ್ತೂಲಿಗೆ ಕುಂಕುಮ ಇಟ್ಟೆ.

"ಅತ್ತೆ, ಕೈ ತೆಗೀರಿ!" ಸುರಕ್ಷತೆ ನೋಡಿಕೊಳ್ಳುತ್ತಿದ್ದ ಸೊಸೆ ಕೂಗಿದಳು. "ನೀವು ಔಟ್."

"ಪೂಜೆ ಕಣೇ! ಅದ್ರಲ್ಲಿ ಗುಂಡೇ ಇಲ್ಲ."

"ರೂಲ್ ಓದಿದ್ದು ನೀವೇ ಅಲ್ವಾ?"

ಎಲ್ಲರೆದುರು ತಲೆ ತಗ್ಗಿಸಿ ಶಾಮಿಯಾನದಡಿ ಹೋಗಿ ಕುಳಿತೆ. ಸಂಜೆ ಆ ಪಿಸ್ತೂಲಿನವನೇ ಗೆದ್ದು, ಬಂದು ಕಾಲಿಗೆರಗಿದ. "ಎಲ್ಲಾ ನಿಮ್ ಕುಂಕುಮದ ಮಹಿಮೆ ಕಣಮ್ಮ. ಮುಂದಿನ್ ಸಲ ರೈಫಲ್ಲೂ ತರ್ತೀನಿ."

ಸೊಸೆಗೆ ಕೇಳಿಸೀತೆಂದು ನಾಚಿ, ಕೈಯಲ್ಲಿದ್ದ ಮೈಸೂರುಪಾಕನ್ನು ಅವನ ಬಾಯಿಗೇ ತುರುಕಿದೆ.