ಬಸವರಾಜು ಕಂಡ ಹಿಮ

ಇವತ್ತು ಬೆಳಿಗ್ಗೆ ತೋಟದಲ್ಲಿ ಎಂಥ ಮಂಜೆಂದರೆ, ಹತ್ತಿರದ ತೆಂಗಿನ ಮರದ ಸುಳಿಯೂ ಕಾಣುತ್ತಿರಲಿಲ್ಲ. ನನ್ನ ಹಳೆಯ ಟ್ರ್ಯಾಕ್ಟರು ಕೀಲಿ ತಿರುಗಿಸಿದಾಗಲೆಲ್ಲ ಕೆಮ್ಮಿ ಸುಮ್ಮನಾಗುತ್ತಿತ್ತು. ಅದನ್ನು ಬೈಯುವ ಹಕ್ಕು ನನಗಿಲ್ಲ. ಚಳಿಗಾಲದಲ್ಲಿ ಇನ್ನೊಂದು ಲೋಟ ಕಾಫಿ ಒಳಗಿಳಿಯದೆ ನಾನೂ ಹೊರಡುವವನಲ್ಲ. ಕೊನೆಗೂ ಎಂಜಿನ್ನು ಹೊತ್ತಿಕೊಂಡು, ಡೀಸೆಲ್ ಹೊಗೆ ಮಂಜಿನಲ್ಲಿ ಕರಗದೆ ಮೂಗಿನ ಮುಂದೆಯೇ ನಿಂತಾಗ ಬಸವರಾಜು ನೆನಪಾದ. ನೆನಪಾದ ಎಂದೆನೆಂದು ಬೇರೆ ಅರ್ಥ ಮಾಡಿಕೊಳ್ಳಬೇಡಿ, ಅವನು ಬದುಕಿದ್ದಾನೆ.

ಕಿಬ್ಬನಹಳ್ಳಿ ಕ್ರಾಸಿನ ಹತ್ತಿರ ಒಂದು ರಿಪೇರಿ ಶೆಡ್ಡಿತ್ತು. ಟ್ರ್ಯಾಕ್ಟರು, ಟಿಲ್ಲರು ಇಟ್ಟುಕೊಂಡ ನಾವು ಕೆಲವರು ಅಲ್ಲಿ ಸೇರುತ್ತಿದ್ದೆವು. ಗಾಡಿ ಕೆಟ್ಟರೆ ಸರಿಯೇ, ಕೆಡದಿದ್ದರೂ ಏನೋ ಸದ್ದು ಬರುತ್ತಿದೆ ಎಂದು ಹೇಳಿ ಮನೆಯಿಂದ ಹೊರಡುತ್ತಿದ್ದೆವು. ಆ ಸದ್ದು ನಮ್ಮ ಹೆಂಡಂದಿರಿಗೆ ಯಾವತ್ತೂ ಕೇಳಿಸಿದ್ದಿಲ್ಲ. ಕ್ಲಚ್ಚು, ಆಯಿಲ್ ಸೀಲು, ನುಸಿ ಹತ್ತಿದ ಕಾಯಿ, ಅಳಿಯಂದಿರ ಸ್ವಭಾವ, ಎಲ್ಲಕ್ಕೂ ಅಲ್ಲೇ ತೀರ್ಮಾನ.

ನಮ್ಮಲ್ಲಿ ಬಸವರಾಜು ಮಾತ್ರ ದೂರದ ನಾಡು ಕಂಡವನು. ಪ್ರಾಯವನ್ನೆಲ್ಲ ಉತ್ತರದ ಬೆಟ್ಟಗಳಲ್ಲಿ, ರಸ್ತೆಯ ಮೇಲಿನ ಹಿಮ ತೆಗೆಯುವ ಯಂತ್ರ ಓಡಿಸುತ್ತ ಕಳೆದು, ಊರಿಗೆ ಬಂದು ಟ್ರ್ಯಾಕ್ಟರು ಕೊಂಡಿದ್ದ. ಅವನನ್ನು ಕೆಣಕುವುದು ಟಿಲ್ಲರ್ ರಂಗಸ್ವಾಮಿಯ ಕೆಲಸ. ಇಬ್ಬರೂ ಬಾಲ್ಯದ ಗೆಳೆಯರು.

"ಲೇ ಬಸ, ಅಷ್ಟು ಐಸನ್ನ ಮಿಷಿನ್ನಲ್ಲಿ ಯಾಕ್ಲಾ ನೂಕಬೇಕು? ಬಿಸ್ಲು ಬಂದ್ರೆ ತಾನೇ ಕರಗಲ್ವಾ?"

"ಅಲ್ಲಿ ಬಿಸ್ಲೂ ತಣ್ಣಗೇ ಇರ್ತದೆ ಕಣ್ಲಾ. ಡೀಸೆಲ್ಲೇ ಚಳಿಗಾಲದ ಕೊಬ್ರಿ ಎಣ್ಣೆ ಹಂಗೆ ಗಟ್ಟಿಯಾಯ್ತದೆ. ಕೆಳಗಡೆ ಬೆಂಕಿ ಹಾಕಿ ಕಾಯಿಸ್ತಿದ್ವಿ."

"ಡೀಸೆಲ್ ಟ್ಯಾಂಕಿನ ಕೆಳಗೆ ಬೆಂಕಿ ಹಾಕ್ತಾನಂತೆ, ಕೇಳ್ರಪ್ಪ."

ಹಿಮದ ಮೇಲಿನ ಬಿಸಿಲಿಗೆ ಮುಖ ಸುಟ್ಟು ಸಿಪ್ಪೆ ಏಳುತ್ತದೆ ಎಂದು ಹೇಳಿದ ದಿನವಂತೂ ನಾವು ಅವನನ್ನು ಮನೆಗೆ ಹೋಗುವವರೆಗೂ ಬಿಡಲಿಲ್ಲ. ಅವನೂ ನಗುತ್ತಿದ್ದ. "ನಿನ್ನ ಒಂದ್ಸಲ ಕರ್ಕಂಡು ಹೋಯ್ತೀನಿ ಬುಡು, ನೀನೇ ನೋಡೀವಂತೆ," ಎನ್ನುತ್ತಿದ್ದ. ಹೊರಡುವ ಮಾತು ಪ್ರತಿ ಬೇಸಿಗೆಗೂ ಏಳುತ್ತಿತ್ತು. ಒಂದು ವರ್ಷ ಕಾಯಿ ಕೀಳಿಸುವುದಿತ್ತು, ಇನ್ನೊಂದು ವರ್ಷ ಗೇರ್‌ಬಾಕ್ಸ್ ಬಿಚ್ಚಿ ಹಾಕಿತ್ತು, ಮತ್ತೊಂದು ವರ್ಷ ಯಾರದೋ ಮದುವೆ. ಬೆಟ್ಟ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡಿದ್ದೆವು.

ಹೋದ ವರ್ಷ ಬಸವರಾಜುವಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಜೊತೆಗೆ ಮಾತೂ ಹೋಯಿತು. ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತದೆ. ತಿರುಗಿ ಹೇಳಲು ಬಾಯಿಗೆ ಪದ ಬರುವುದಿಲ್ಲ. ಅವನಿಲ್ಲದ ಶೆಡ್ಡಿಗೆ ನಾವೂ ಒಬ್ಬೊಬ್ಬರಾಗಿ ಹೋಗುವುದನ್ನು ಬಿಟ್ಟೆವು.

ಅದೇ ವರ್ಷದ ಬೇಸಿಗೆಯಲ್ಲಿ ರಂಗಸ್ವಾಮಿ ನಮಗ್ಯಾರಿಗೂ ಹೇಳದೆ ಹೆಂಡತಿಯನ್ನು ಕರೆದುಕೊಂಡು ಆ ಬೆಟ್ಟಗಳಿಗೆ ಹೋಗಿಬಂದ. ತಿಪಟೂರಿನಲ್ಲಿ ರೈಲಿಳಿದವನು ಹೆಂಡತಿಯನ್ನು ಮನೆಯ ಕಡೆ ಆಟೋ ಹತ್ತಿಸಿ, ತಾನು ನೇರ ಬಸವರಾಜುವಿನ ಮನೆಗೆ ಬಂದ. ನಾನು ಅಲ್ಲೇ ಕುಳಿತಿದ್ದೆ. ರಂಗಸ್ವಾಮಿಯ ಕೆನ್ನೆ ಕಪ್ಪಾಗಿತ್ತು, ಮೂಗು ಸಿಪ್ಪೆ ಎದ್ದಿತ್ತು.

"ನನ್ ಮುಖ ನೋಡ್ಲಾ ಬಸ. ನೀನು ಹೇಳಿದ್ದೆಲ್ಲ ದಿಟ ಕಣ್ಲಾ."

ಬಸವರಾಜು ಎಡಗೈಯಿಂದ ಆ ಮೂಗನ್ನು ಮುಟ್ಟಿ ನೋಡಿ ಅರ್ಧ ಬಾಯಲ್ಲಿ ನಕ್ಕ. ನಾವೂ ಶೆಡ್ಡಿನಲ್ಲಿ ನಗುತ್ತಿದ್ದ ಹಾಗೆ ನಕ್ಕೆವು. ಆಮೇಲೆ ರಂಗಸ್ವಾಮಿ ಮಂಚದ ಮೇಲೆ ಕುಳಿತು ಮೆಲ್ಲಗೆ ಕೇಳಿದ:

"ಆ ರಸ್ತೆ ಪಕ್ಕ ಒಂದು ಕಲ್ಲು ನೆಟ್ಟವ್ರೆ. ಐಸು ತೆಗೆಯೋಕೆ ಹೋಗಿ ಸತ್ತೋರ ಹೆಸರು ಅದರಲ್ಲಿ ಅವಂತೆ. ನಿನ್ ಜೊತೆಯೋರು ಯಾರಾದ್ರೂ ಹಂಗೆ ಹೋದ್ರಾ?"

ಬಸವರಾಜು ಹೌದೆಂದು ತಲೆಯಾಡಿಸಿದ. ತುಟಿ ಅಲುಗಿತು. "ಸು... ಸು..." ಕತ್ತಿನ ನರ ಉಬ್ಬಿದವು. ಎಡಗೈ ಮಂಚದ ಪಟ್ಟಿಯನ್ನು ಬಡಿಯಿತು. ಮುಂದಿನ ಅಕ್ಷರ ಬರಲೇ ಇಲ್ಲ. ಸುರೇಶನಾ, ಸುಬ್ಬಣ್ಣನಾ ಎಂದು ನಾವು ಕೇಳಿದ್ದಕ್ಕೆಲ್ಲ ಅಲ್ಲ, ಅಲ್ಲ ಎಂದು ತಲೆಯಾಡಿಸಿದ. ಅಡಿಗೆಮನೆಯಿಂದ ಬಂದ ಅವನ ಹೆಂಡತಿ ಗೌರಮ್ಮನನ್ನು ಕೇಳಿದೆವು.

"ನಂಗೂ ಗೊತ್ತಿಲ್ಲ ಕಣಣ್ಣ," ಎಂದಳು. "ಇಷ್ಟು ವರ್ಷದಲ್ಲಿ ಮನೇಲಿ ಒಂದು ದಿನಾನೂ ಹೇಳಿಲ್ಲ."

ಶೆಡ್ಡಿನಲ್ಲಿ ಅವನ ಎದುರು ಎಷ್ಟು ವರ್ಷ ಕುಳಿತಿದ್ದೆವು ನಾವು. ಬ್ಯಾಟರಿ ಏನಾಗುತ್ತಿತ್ತು, ಊಟ ಏನಿತ್ತು, ಸ್ನಾನ ಹೇಗೆ, ಎಲ್ಲ ಕೇಳಿದ್ದೆವು. ಹರಟೆಯ ಸ್ವಭಾವವೇ ಅದಿರಬೇಕು: ಒಬ್ಬರ ಮಾತು ಮುಗಿಯುವಷ್ಟರಲ್ಲಿ ಇನ್ನೊಬ್ಬರ ನಗು ತಯಾರಿರುತ್ತದೆ, ನಡುವೆ ಯಾರೂ ಸುಮ್ಮನಿರುವುದಿಲ್ಲ. ಅಂಥದ್ದನ್ನು ಹೇಳಲು ಒಂದಿಷ್ಟು ಮೌನ ಬೇಕಿತ್ತೇನೋ. ಅಂದು ಹೊರಡುವಾಗ ರಂಗಸ್ವಾಮಿ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಆವಾಗ್ಲೇ ಹೋಗಿದ್ರೆ ಅವನೇ ಆ ಕಲ್ಲು ತೋರಿಸ್ತಿದ್ದ," ಎಂದ.

ಈಗ ನಾವು ಸೇರುವುದು ಬಸವರಾಜುವಿನ ಜಗುಲಿಯಲ್ಲಿ. ರಿಪೇರಿಯ ಮಾತು ಈಗಲೂ ಉಂಟು, ಆದರೆ ನಿಧಾನವಾಗಿ ಆಡುತ್ತೇವೆ. ಕ್ರಾಸಿನಲ್ಲಿ ಚಹಾಕ್ಕೆ ನಿಲ್ಲುವ ಉತ್ತರದ ಲಾರಿ ಚಾಲಕರನ್ನು ಹರಕು ಹಿಂದಿಯಲ್ಲಿ ಮಾತಾಡಿಸಿ, ನಿಮ್ಮ ಕಡೆ 'ಸು' ಎಂದು ಶುರುವಾಗುವ ಹೆಸರು ಯಾವುವು ಎಂದು ಕೇಳುವ ಚಟ ನನಗೆ ಹತ್ತಿದೆ. ಪಾಪ, ಅವರು ನನ್ನನ್ನು ಅರೆಹುಚ್ಚನೆಂದೇ ತಿಳಿದಿರಬೇಕು.

ಇವತ್ತೂ ಒಂದು ಹೊಸ ಹೆಸರು ಸಿಕ್ಕಿತ್ತು. ಹೋಗಿ ಅವನ ಪಕ್ಕ ಕುಳಿತು, "ಸುಖವಿಂದರ್?" ಎಂದೆ.

ಬಸವರಾಜು ಅಲ್ಲವೆಂದು ತಲೆಯಾಡಿಸಿದ. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕುಳಿತ, ಇನ್ನೊಂದು ಹೇಳು ಎನ್ನುವಂತೆ.