ಮಹಾಲಿಂಗಣ್ಣನ ಎಡಗೈ

ಮೋಟಾರ್ ಗ್ಲೈಡರ್ ಹಾರಿಸುವುದನ್ನು ಕಲಿಸುತ್ತಿದ್ದ ಕಬಕದ ಮಹಾಲಿಂಗಣ್ಣ ನಿವೃತ್ತರಾದರೂ ಅವರ ಎಡಗೈ ಇನ್ನೂ ನಿವೃತ್ತವಾಗಿಲ್ಲ. ಬಸ್ಸು ಏರು ಹತ್ತಿತೋ, ವಿಮಾನ ಹಾರುತ್ತಿರುವಾಗಲೇ ಪ್ರೊಪೆಲ್ಲರಿನ ಅಲಗುಗಳ ಕೋನ ಬದಲಿಸುವ ಹಿಡಿ ಎದುರಿಗೇ ಇದ್ದಂತೆ ಮುಂದಕ್ಕೆ ತಳ್ಳುತ್ತಾರೆ. ರಸ್ತೆ ಸಪಾಟಾಯಿತೋ, ಹಿಂದಕ್ಕೆ ಎಳೆಯುತ್ತಾರೆ. ಸುಳ್ಯದ ಡ್ರೈವರೊಬ್ಬ "ಗೇರು ನಾನೇ ಹಾಕ್ತೇನೆ ಮಾರಾಯ್ರೆ" ಎಂದು ಕೈಮುಗಿದದ್ದೂ ಉಂಟು. ಇಳಿಯುವ ಸ್ಟಾಪು ಬಂದಾಗಲೂ ಹಿಡಿ ಮುಂದಕ್ಕೇ. "ಇಳಿಯುದಕ್ಕೆ ಏರುವ ಕೋನ ಎಂತಕ್ಕೆ?" ಎಂದು ಹೆಂಡತಿ ಕೌಸಲ್ಯಾ ಕೇಳಿದರೆ, "ರನ್‌ವೇಯಲ್ಲಿ ದನ ಅಡ್ಡ ಬಂದ್ರೆ ಪುನಃ ಏರ್ಬೇಕಲ್ಲ!" ಎಂಬ ಉತ್ತರ ಸಿದ್ಧ. ಮೊನ್ನೆ ಪುತ್ತೂರಿನ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ನಿಗೆಂದು ಮಂಪರಿನ ಇಂಜೆಕ್ಷನ್ ಕೊಟ್ಟು ಒಳಗೆ ಒಯ್ಯುವಾಗ ಅವರ ಕಣ್ಣು ಮುಚ್ಚಿತು, ಎಡಗೈ ಮಾತ್ರ ಮೆಲ್ಲಗೆ ಮುಂದಕ್ಕೆ ಸರಿಯಿತು. ಅದನ್ನು ಕಂಡ ಕೌಸಲ್ಯಾ ಕಣ್ಣೊರೆಸಿಕೊಂಡು ನರ್ಸನ್ನು ಕೇಳಿದರು: "ಇವರಿಗೆ ನಾಳೆ ಗಂಜಿ ತರ್ಬಹುದಲ್ಲ?"